ಏಕಾಂತ ಪ್ರಾರ್ಥನೆ: ಬೆಳಗಿನ ಜಾವವೋ, ರಾತ್ರಿಯೋ?

ಕೆಜಿಎಫ್‌ನಿಂದ ಬೆಂಗಳೂರಿಗೆ ದಿನಾ ರೈಲಲ್ಲಿ ಓಡಾಡುವವರಿಗೆ ಏಕಾಂತ ಪ್ರಾರ್ಥನೆಗೆ ಹೊತ್ತು ಸಿಗುವುದೇ ಕಷ್ಟ, ಅಲ್ವಾ?

ಬೆಳಗಿನ ಜಾವ ಫೋನ್ ಇನ್ನೂ ಕೈಗೆ ಬಂದಿರುವುದಿಲ್ಲ. ಹಾಲು ಕಾಯಿಸುವ ಮೊದಲೇ ಅಡುಗೆಮನೆ ಬಾಗಿಲು ಮುಂದೆ ಮಾಡಿ ಮೊಣಕಾಲೂರುತ್ತೇನೆ. ತಣ್ಣನೆಯ ನೆಲ ತಗುಲಿದರೆ ಸಾಕು, ನಿದ್ದೆ ಹಾರಿಹೋಗುತ್ತದೆ. ಯೇಸು ಸ್ವಾಮಿ ಕೂಡ ಇನ್ನೂ ಕತ್ತಲಿರುವಾಗಲೇ ಎದ್ದು, ಜನರಿಲ್ಲದ ಕಡೆ ಹೋಗಿ ಪ್ರಾರ್ಥಿಸಿದರು (ಮಾರ್ಕ 1:35).

ರಾತ್ರಿ ಹೇಳಿಕೊಳ್ಳುವುದು ಜಾಸ್ತಿ ಇರುತ್ತದೆ. ಯಾರ ಮೇಲೆ ರೇಗಿದೆವು, ಯಾರ ಹತ್ತಿರ ಕ್ಷಮೆ ಕೇಳಬೇಕು, ಎಲ್ಲ ನೆನಪಿಗೆ ಬರುತ್ತದೆ. ಹನ್ನೆರಡು ಶಿಷ್ಯರನ್ನು ಆರಿಸುವ ಮುನ್ನ ಸ್ವಾಮಿ ಇಡೀ ರಾತ್ರಿ ಪ್ರಾರ್ಥಿಸಿದ್ದರು (ಲೂಕ 6:12). ಆದರೆ ದಣಿದವರಿಗೆ ಆಮೆನ್ ಅನ್ನುವ ಮೊದಲೇ ನಿದ್ದೆ.

ಬೆಳಗಿನ ರೈಲು ಹಿಡಿಯುವವರು ರಾತ್ರಿ ಆರಿಸಿಕೊಳ್ಳಿ, ಊಟಕ್ಕೆ ಮೊದಲು. ಉಳಿದವರಿಗೆ ನಾನು ಬೆಳಗಿನ ಜಾವವನ್ನೇ ಹೇಳುತ್ತೇನೆ. ಹತ್ತು ನಿಮಿಷದಿಂದ ಶುರು ಮಾಡಿ.