ಒಂದೇ ಕಾಬೂಲಿ ಕಡಲೆ, ನಾಲ್ಕು ಊರಿನ ಅಡುಗೆ: ಕಟ್ಟು ಉಳಿಸಿದ್ದು ಯಾವುದು?

ಕಾಬೂಲಿ ಕಡಲೆ ಬೇಯಿಸಿದ ನೀರನ್ನು ಸಿಂಕಿಗೆ ಚೆಲ್ಲಲು ನನಗೆ ಮನಸ್ಸು ಬರುವುದಿಲ್ಲ. ಅಮ್ಮನ ಮನೆಯಲ್ಲಿ ಕಾಳು ಬೇಯಿಸಿದ ನೀರಿಗೆ ಕಟ್ಟು ಅಂತ ಹೆಸರಿತ್ತು, ಮರ್ಯಾದೆ ಇತ್ತು. ಬಸ್ಸಾರಿನ ಜೀವವೇ ಅದು. ಇಟಲಿಯ ಜೆನೋವಾಕ್ಕೆ ಬಂದ ಮೇಲೂ ಆ ಅಭ್ಯಾಸ ಹೋಗಿಲ್ಲ. ಹಾಗಾಗಿ ಈ ಚಳಿಗಾಲದಲ್ಲಿ ಮೆಡಿಟರೇನಿಯನ್ ಸುತ್ತಲಿನ ನಾಲ್ಕು ಕಡಲೆ ಅಡುಗೆಗಳನ್ನು ಒಂದರ ಪಕ್ಕ ಒಂದಿಟ್ಟು ಮಾಡಿ ನೋಡಿದೆ. ಜೆನೋವಾದ ಫರಿನಾತಾ, ಲೆಬನಾನ್ ಕಡೆಯ ಹಮ್ಮುಸ್, ರೋಮಿನ ಪಾಸ್ತಾ ಎ ಚೇಚಿ, ಗ್ರೀಸಿನ ಸಿಫ್ನೋಸ್ ದ್ವೀಪದ ರೆವಿಥಾದಾ.

ಪ್ರತಿ ಸಲವೂ 250 ಗ್ರಾಂ ಒಣ ಕಡಲೆ, ಇಲ್ಲವೇ ಅಷ್ಟೇ ಹಿಟ್ಟು. ಆಲಿವ್ ಎಣ್ಣೆ ಒಂದೇ ಬಾಟಲಿಯದು. ಕೆಲಸ ಮುಗಿಸಿ ಬಂದ ಸಂಜೆ ಮಾಡಲು ಆಗುತ್ತದಾ, ಊಟ ಅನ್ನಿಸುತ್ತದಾ, ಕಟ್ಟು ಉಳಿಯುತ್ತದಾ, ಇಷ್ಟನ್ನು ನೋಡಿದೆ.

ಮೊದಲು ನೆನೆಸುವ ಮಾತು. ರಾತ್ರಿ ನೆನೆಸುವ ನೀರಿಗೇ ಒಂದು ಚಮಚ ಉಪ್ಪು ಹಾಕಿ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಅಂತ ನಾನೂ ನಂಬಿದ್ದೆ. ಆದರೆ ಸಿಪ್ಪೆಯನ್ನು ಬಿಗಿಯಾಗಿ ಹಿಡಿದಿರುವುದು ಪೆಕ್ಟಿನ್ ಅನ್ನುವ ಅಂಟು ಮತ್ತು ಕ್ಯಾಲ್ಸಿಯಂ. ಉಪ್ಪಿನ ಸೋಡಿಯಂ ಒಳಗೆ ಹೋಗಿ ಕ್ಯಾಲ್ಸಿಯಂನ ಜಾಗ ಹಿಡಿಯುತ್ತದೆ, ಸಿಪ್ಪೆ ಮೆತ್ತಗಾಗುತ್ತದೆ. ಗಡಸು ನೀರಿನಲ್ಲಿ ಕಾಳು ಬೇಯದೆ ಸತಾಯಿಸುವುದಕ್ಕೂ ಇದೇ ಕ್ಯಾಲ್ಸಿಯಂ ಕಾರಣ. ಕಾಳು ಬೇಗ ಬೇಯದ ಹಾಗೆ ಮಾಡುವುದು ಹುಳಿ. ಟೊಮೆಟೊ, ನಿಂಬೆ ಎಲ್ಲ ಕಾಳು ಬೆಂದ ಮೇಲೇ.

ಫರಿನಾತಾ ಅಂದರೆ ಕಡಲೆ ಹಿಟ್ಟಿನ ತೆಳು ರೊಟ್ಟಿ. ಅದಕ್ಕೆ ಕಾಳು ಬೇಡ, ಹಿಟ್ಟು ಸಾಕು. ಒಂದು ಪಾಲು ಹಿಟ್ಟಿಗೆ ಮೂರು ಪಾಲು ನೀರು, ಉಪ್ಪು. ಕಲಸಿ ನಾಲ್ಕೈದು ಗಂಟೆ ಬಿಟ್ಟು, ಮೇಲೆ ನಿಂತ ನೊರೆ ತೆಗೆದು, ಎಣ್ಣೆ ಧಾರಾಳ ಹಾಕಿ ಓವನ್‌ಗೆ. ಜೆನೋವಾದ ನಾವಿಕರು 1284ರ ಮೆಲೋರಿಯಾ ಸಮುದ್ರ ಯುದ್ಧ ಮುಗಿಸಿ ಬರುವಾಗ ಬಿರುಗಾಳಿಗೆ ಹಡಗಿನಲ್ಲಿ ಹಿಟ್ಟು, ಎಣ್ಣೆ, ಉಪ್ಪುನೀರು ಬೆರೆತು ಇದು ಹುಟ್ಟಿತು ಅಂತ ಇಲ್ಲಿ ಒಂದು ಕಥೆ ಹೇಳುತ್ತಾರೆ. ಕಥೆ ಚೆನ್ನಾಗಿದೆ. ಮನೆ ಓವನ್‌ನಲ್ಲಿ ಮಾತ್ರ ಇದು ಸುಲಭಕ್ಕೆ ಒಲಿಯುವುದಿಲ್ಲ. ಮೊದಲ ಸಲ ಚಿಕ್ಕ ತಟ್ಟೆಗೆ ದಪ್ಪ ಹುಯ್ದೆ. ಮೇಲೆ ಕೆಂಪಾಯಿತು, ಒಳಗೆ ಹಸಿ ಉಳಿಯಿತು. ಎರಡನೇ ಸಲ ಅಗಲದ ತಟ್ಟೆಯನ್ನು 250 ಡಿಗ್ರಿಯಲ್ಲಿ ಕಾಯಿಸಿ, ಅರ್ಧ ಸೆಂಟಿಮೀಟರ್ ಮಾತ್ರ ಹುಯ್ದಾಗ ಅಂಚು ಗರಿಗರಿ ಬಂತು. ಊರಿಂದ ತಂದ ಕಡಲೆ ಹಿಟ್ಟಿನಲ್ಲೂ ಮಾಡಿದೆ. ಅದು ಕಂದು ಕಡಲೆಯ ಬೇಳೆಯಿಂದ ಬೀಸಿದ್ದು. ಆಗುತ್ತದೆ, ಆದರೆ ಹಸಿ ವಾಸನೆ ಹೋಗಲು ಇನ್ನೂ ಐದಾರು ನಿಮಿಷ ಬೇಕು. ಇಷ್ಟೆಲ್ಲ ಮಾಡಿಯೂ ಇಲ್ಲಿನ ಶಾಮಾಡ್ಡಾ ಅನ್ನುವ ತಿಂಡಿ ಅಂಗಡಿಗಳಲ್ಲಿ ಸೌದೆ ಒಲೆಯ ಮುಂದೆ, ಕಲಾಯಿ ಹಾಕಿದ ದೊಡ್ಡ ತಾಮ್ರದ ತಟ್ಟೆಯಿಂದ ಕತ್ತರಿಸಿ ಕೊಡುವ ರುಚಿ ನನಗೆ ಬರಲಿಲ್ಲ. ಇದನ್ನು ಅಂಗಡಿಯಲ್ಲೇ ತಿನ್ನಿ.

ಹಮ್ಮುಸ್ ರುಚಿಯಲ್ಲಿ ಸೋಲುವುದಿಲ್ಲ. ಬರೀ ಕುಕ್ಕರ್‌ನಲ್ಲಿ ಬೇಯಿಸಿ ರುಬ್ಬಿದಾಗ ಕಾಳೇನೋ ಮೆತ್ತಗಿತ್ತು, ಆದರೆ ಸಿಪ್ಪೆ ನಾಲಗೆಗೆ ತರಿತರಿ ಸಿಕ್ಕಿತು. ಮುಂದಿನ ಸಲ ಬೆಂದ ಕಾಳನ್ನು ಬಟ್ಟೆಯಲ್ಲಿ ಉಜ್ಜಿ ಸಿಪ್ಪೆ ಬಿಡಿಸಿದೆ. ನುಣ್ಣಗೆ ಬಂತು, ಮುಕ್ಕಾಲು ಗಂಟೆ ಹೋಯಿತು. ಮೂರನೇ ಸಲ ಬೇಯುವ ನೀರಿಗೆ ಅರ್ಧ ಚಮಚ ಅಡುಗೆ ಸೋಡಾ ಹಾಕಿದೆ. ಕಾಳು ಬೆರಳಲ್ಲಿ ಒತ್ತಿದರೆ ಬೆಣ್ಣೆ. ಸಿಪ್ಪೆ ತಾನಾಗಿ ಬಿಟ್ಟು ತೇಲಿತು. ಬೆಳ್ಳುಳ್ಳಿಯನ್ನು ನಿಂಬೆರಸದಲ್ಲಿ ಹತ್ತು ನಿಮಿಷ ನೆನೆಸಿಟ್ಟರೆ ಅದರ ಘಾಟು ತಗ್ಗುತ್ತದೆ. ಬಿಳಿ ಎಳ್ಳು ರುಬ್ಬಿದ ತಹಿನಿಯನ್ನು ಕೈಬಿಗಿ ಮಾಡದೆ ಹಾಕಬೇಕು, ನಾನು 150 ಗ್ರಾಂ ಹಾಕಿದೆ. ಮಿಕ್ಸಿ ತಿರುಗುವಾಗ ತಣ್ಣೀರು ಚೂರುಚೂರೇ ಬಿಟ್ಟರೆ ಬಣ್ಣ ಬೆಳ್ಳಗಾಗಿ ಹಿಟ್ಟು ಉಬ್ಬುತ್ತದೆ. ಆ ಹೊತ್ತು ನೋಡಲಿಕ್ಕೇ ಚೆಂದ.

ಆದರೆ ಸೋಡಾ ಹಾಕಿದ ಕಟ್ಟು? ಬಾಯಿಗಿಟ್ಟರೆ ಸೋಪಿನ ರುಚಿ. ಪೂರ್ತಿ ಚೆಲ್ಲಬೇಕಾಯಿತು. ನನಗೆ ಇದು ಸಣ್ಣ ವಿಷಯ ಅಲ್ಲ. ಜೊತೆಗೆ ರೊಟ್ಟಿ, ಸೌತೆಕಾಯಿ, ಇನ್ನೇನಾದರೂ ಇಲ್ಲದೆ ಹಮ್ಮುಸ್ ಒಂದೇ ಊಟ ಆಗುವುದೂ ಇಲ್ಲ.

ಪಾಸ್ತಾ ಎ ಚೇಚಿ ಅಂದರೆ ಪಾಸ್ತಾ ಮತ್ತು ಕಡಲೆ, ಅಷ್ಟೇ. ಶುಕ್ರವಾರ ಮಾಂಸ ಬಿಡುವ ಪದ್ಧತಿ ಇದ್ದ ರೋಮಿನ ಮನೆಗಳಲ್ಲಿ ಕಡಲೆಗೆ ಆ ದಿನ ಗಟ್ಟಿ ಜಾಗ ಇತ್ತು. ನಮ್ಮ ಕೆಳಗಿನ ಮನೆಯ ಅಜ್ಜಿ ಆ ಕಡೆಯವರು. ನಾನು ಮೊದಲ ಸಲ ಮಾಡುವಾಗ ಪಕ್ಕದಲ್ಲಿ ನಿಂತಿದ್ದರು. ಕಾಳು ಬಸಿದು, ಪಾಸ್ತಾ ಬೇಯಲು ಬೇರೆ ಪಾತ್ರೆಯಲ್ಲಿ ನೀರಿಡಲು ಹೋದೆ. ಅವರು ನನ್ನ ಮಣಿಕಟ್ಟು ಹಿಡಿದರು. "ಬೇರೆ ನೀರು ಯಾಕೆ ಮಗಳೇ? ಇದರಲ್ಲೇ ಬೇಯಲಿ. ರುಚಿ ಇರುವುದೇ ಇದರಲ್ಲಿ." ನಮ್ಮಜ್ಜಿ ಬಸ್ಸಾರು ಮಾಡುವಾಗ ಹೇಳುತ್ತಿದ್ದ ಮಾತೂ ಹೆಚ್ಚುಕಮ್ಮಿ ಇದೇ. ನನಗೆ ಗಂಟಲು ಕಟ್ಟಿತು.

ಮಾಡುವುದು ಹೀಗೆ. ನೆನೆದ ಕಡಲೆಯನ್ನು ಕುಕ್ಕರ್‌ನಲ್ಲಿ ಐದು ವಿಷಲ್ ಕೂಗಿಸಿ. ಸೋಡಾ ಬೇಡ. ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ಒಂದು ಕಡ್ಡಿ ರೋಸ್‌ಮೆರಿ. ಉರಿ ಸಣ್ಣಗಿರಲಿ, ಬೆಳ್ಳುಳ್ಳಿ ಕಂದಾದರೆ ಕಹಿ. ಅನೇಕರು ಇಲ್ಲಿ ಉಪ್ಪಲ್ಲಿಟ್ಟ ಒಂದು ಆಂಚೊವಿ ಮೀನು ಕರಗಿಸುತ್ತಾರೆ. ನಾನು ಮೀನು ತಿನ್ನುವುದಿಲ್ಲ, ಬಿಟ್ಟೆ. ಒಂದು ಚಮಚ ಟೊಮೆಟೊ ಪೇಸ್ಟ್ ಹಾಕಿ, ಎಣ್ಣೆ ಕೆಂಪಾಗುವವರೆಗೆ ಬಾಡಿಸಿ. ಕಡಲೆ ಹಾಕಿ. ಮೂರರಲ್ಲಿ ಒಂದು ಪಾಲನ್ನು ಸೌಟಿನ ಹಿಂಭಾಗದಲ್ಲಿ ಅಲ್ಲೇ ಅಮುಕಿ. ಕಟ್ಟು ಪೂರ್ತಿ ಹುಯ್ಯಿರಿ. ಕುದಿ ಬಂದ ಮೇಲೆ 150 ಗ್ರಾಂ ದಿತಾಲಿನಿ, ಅಂದರೆ ಬೆರಳ ತುದಿಯಷ್ಟು ಪುಟ್ಟ ಕೊಳವೆ ಪಾಸ್ತಾ. ತಳ ಹಿಡಿಯದ ಹಾಗೆ ಕೈಯಾಡಿಸುತ್ತಾ ಇರಿ. ಪಾಸ್ತಾ ಬಿಟ್ಟ ಗಂಜಿಯೂ ಅಮುಕಿದ ಕಡಲೆಯೂ ಸೇರಿ ಹತ್ತೇ ನಿಮಿಷದಲ್ಲಿ ಬಿಸಿಬೇಳೆ ಬಾತಿನ ಹದಕ್ಕೆ ಬರುತ್ತದೆ. ಇಳಿಸಿ ಐದು ನಿಮಿಷ ಮುಚ್ಚಿಡಿ. ಮೇಲೆ ಕರಿಮೆಣಸು, ಹಸಿ ಆಲಿವ್ ಎಣ್ಣೆ.

ಕಾಳು ನೆನೆದಿದ್ದರೆ ಬಾಗಿಲು ತೆಗೆದು ಒಳಗೆ ಬಂದ ಒಂದು ಗಂಟೆಯೊಳಗೆ ಊಟ. ಮೂರು ಜನಕ್ಕೆ ಹೊಟ್ಟೆ ತುಂಬ. ಒಂದು ತೊಟ್ಟು ಕಟ್ಟೂ ಹೊರಗೆ ಹೋಗಲಿಲ್ಲ. ಮಿಕ್ಕಿದ್ದು ಮಾತ್ರ ಮಾರನೆಯ ದಿನಕ್ಕೆ ಮುದ್ದೆಯಾಗುತ್ತದೆ, ಪಾಸ್ತಾ ಎಲ್ಲ ರಸ ಕುಡಿದುಬಿಟ್ಟಿರುತ್ತದೆ.

ರೆವಿಥಾದಾದಲ್ಲಿ ಕೆಲಸವೇ ಇಲ್ಲ, ಕಾಯುವುದೊಂದೇ. ಸಿಫ್ನೋಸ್ ಮೊದಲಿಂದಲೂ ಕುಂಬಾರರ ದ್ವೀಪ. ಶನಿವಾರ ಸಂಜೆ ಮುಚ್ಚಳದ ಮಣ್ಣಿನ ಗಡಿಗೆಯಲ್ಲಿ ಕಡಲೆ, ಈರುಳ್ಳಿ, ಎಣ್ಣೆ, ನೀರು ತುಂಬಿ ಊರಿನ ಸೌದೆ ಒಲೆಗೆ ಕೊಡುತ್ತಾರೆ. ರಾತ್ರಿಯಿಡೀ ಅಲ್ಲೇ ಬೇಯುತ್ತದೆ. ಭಾನುವಾರ ಚರ್ಚ್ ಮುಗಿಸಿ ಬರುವಾಗ ಗಡಿಗೆ ಮನೆಗೆ.

ನನ್ನ ಹತ್ತಿರ ಇದ್ದದ್ದು ದಪ್ಪ ಕಬ್ಬಿಣದ ಮುಚ್ಚಳದ ಪಾತ್ರೆ. ದೊಡ್ಡ ಈರುಳ್ಳಿ ಎರಡು, ಅರ್ಧ ಲೋಟ ಎಣ್ಣೆ, ಎರಡು ಲಾರೆಲ್ ಎಲೆ, ಕಡಲೆಯ ಮೇಲೆ ಎರಡು ಬೆರಳು ನಿಲ್ಲುವಷ್ಟು ನೀರು. ಲಾರೆಲ್ ನಮ್ಮ ಪಲಾವ್ ಎಲೆ ಅಲ್ಲ, ನೋಡಲು ಹಾಗೇ ಇದ್ದರೂ ಗಿಡ ಬೇರೆ. ಪಲಾವ್ ಎಲೆಯಲ್ಲಿ ಚಕ್ಕೆಯ ಘಮ ಇರುತ್ತದೆ, ಇದರಲ್ಲಿ ಇಲ್ಲ. ಮುಚ್ಚಳದ ಅಂಚಿಗೆ ಗೋಧಿ ಹಿಟ್ಟು ಮೆತ್ತಿ 130 ಡಿಗ್ರಿಯಲ್ಲಿ ಆರು ಗಂಟೆ ಇಟ್ಟೆ.

ತೆಗೆದಾಗ ಈರುಳ್ಳಿ ಕಾಣಲಿಲ್ಲ. ಪೂರ್ತಿ ಕರಗಿ ಕಟ್ಟಿನಲ್ಲಿ ಸೇರಿಹೋಗಿತ್ತು. ಕಟ್ಟು ಜೇನಿನ ಬಣ್ಣಕ್ಕೆ ತಿರುಗಿ, ಸೌಟಿಗೆ ಅಂಟುವಷ್ಟು ಮಂದ. ಕಡಲೆ ಒಂದೂ ಒಡೆದಿರಲಿಲ್ಲ, ಬಾಯಿಗಿಟ್ಟರೆ ಮಾತ್ರ ನಿಲ್ಲುತ್ತಿರಲಿಲ್ಲ. ತಟ್ಟೆಗೆ ಬಡಿಸಿ ನಿಂಬೆ ಹಿಂಡಿದಾಗ ಈರುಳ್ಳಿಯ ಸಿಹಿಯೂ ಹುಳಿಯೂ ಸೇರಿ ಎಂಥ ರುಚಿ! ನಾಲ್ಕರಲ್ಲಿ ಇದಕ್ಕೆ ಮೊದಲ ಅಂಕ. ಕುಕ್ಕರ್‌ನಲ್ಲಿ ಬೇಯಿಸಿ ಒಂದು ಗಂಟೆ ಓವನ್‌ನಲ್ಲಿಟ್ಟು ಬೇಗ ಮುಗಿಸಲೂ ನೋಡಿದೆ. ತಿನ್ನಲು ಅಡ್ಡಿಯಿಲ್ಲ, ಆದರೆ ಆ ಬಣ್ಣ ಬರಲಿಲ್ಲ, ಆ ಸಿಹಿಯೂ ಇಲ್ಲ.

ಆರು ಗಂಟೆ ಓವನ್ ಉರಿಸುವುದು ವಾರದ ದಿನ ಆಗದ ಮಾತು. ಹಾಗಾಗಿ ಪ್ರತಿ ವಾರ ನಮ್ಮ ಮನೆಯಲ್ಲಿ ಆಗುತ್ತಿರುವುದು ಪಾಸ್ತಾ ಎ ಚೇಚಿ. ಚಳಿಯ ಭಾನುವಾರಗಳಿಗೆ ರೆವಿಥಾದಾ, ಆಗ ಮನೆಯೂ ಬೆಚ್ಚಗಿರುತ್ತದೆ. ಹಮ್ಮುಸ್ ಯಾರಾದರೂ ಬಂದಾಗ.

ರೆವಿಥಾದಾ ಮಿಕ್ಕರೆ ಪಾಸ್ತಾದ ಹಾಗೆ ಕೆಡುವುದಿಲ್ಲ, ಇನ್ನೂ ರುಚಿಯಾಗುತ್ತದೆ. ಕಳೆದ ಸೋಮವಾರ ತಳದಲ್ಲಿ ಎರಡು ಸೌಟು ಕಟ್ಟು ಉಳಿದಿತ್ತು. ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ಬಿಸಿ ಅನ್ನಕ್ಕೆ ಕಲಸಿಕೊಂಡೆ. ಹುಣಸೆಹಣ್ಣು ಬೇಕಾಗಲಿಲ್ಲ, ನಿಂಬೆಯ ಹುಳಿಯೇ ಸಾಕಾಯಿತು.