ಮಸ್ಕತ್‌ನಲ್ಲಿ ಮಾಲೀಕ, ಯಲಹಂಕದಲ್ಲಿ ಮನೆ: ನಿರ್ವಹಣಾ ಸೇವೆಯೊಂದರ ವಿಮರ್ಶೆ

ಮಸ್ಕತ್‌ನಲ್ಲಿ ನೌಕರಿ ಮಾಡುತ್ತಾ ಯಲಹಂಕದ ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟಿರುವ ನನಗೆ, ನಲ್ಲಿ ಸೋರಿದರೂ ಹೋಗಿ ನೋಡಲು ಬೇರೆಯವರೇ ಬೇಕು. ಹಾಗಾಗಿ 2023ರಲ್ಲಿ ಮನೆ ನಿರ್ವಹಣೆಯ ಕಂಪನಿಯೊಂದಕ್ಕೆ ಬೀಗದ ಕೈ ಒಪ್ಪಿಸಿದೆ. ಬಾಡಿಗೆ 28,000 ರೂಪಾಯಿ. ಅದರಲ್ಲಿ ಶೇ 8 ಶುಲ್ಕ, ಶುಲ್ಕದ ಮೇಲೆ ಶೇ 18 ಜಿಎಸ್‌ಟಿ, ಒಟ್ಟು ತಿಂಗಳಿಗೆ 2,643 ರೂಪಾಯಿ ಅವರ ಪಾಲು.

ವಸೂಲಿಯ ಬಗ್ಗೆ ತಕರಾರಿಲ್ಲ. 11 ತಿಂಗಳ ಕರಾರುಪತ್ರ, ಅಸೋಸಿಯೇಷನ್ನಿನ ಮೇಂಟೆನೆನ್ಸ್, ಶೇ 5 ರಿಯಾಯಿತಿ ತಪ್ಪದಂತೆ ಏಪ್ರಿಲ್‌ನಲ್ಲೇ ಕಟ್ಟುವ ಆಸ್ತಿ ತೆರಿಗೆ, ಎಲ್ಲವೂ ಅಚ್ಚುಕಟ್ಟು.

ಅವರು ಎಡವಿದ್ದು ಟಿಡಿಎಸ್, ಅಂದರೆ ಹಣ ಕೊಡುವವರೇ ಮೊದಲು ಆದಾಯ ತೆರಿಗೆ ಮುರಿದುಕೊಳ್ಳುವ ವಿಷಯದಲ್ಲಿ. ಮಾಲೀಕ ಅನಿವಾಸಿಯಾಗಿದ್ದರೆ ಬಾಡಿಗೆದಾರನೇ ಹೀಗೆ ತೆರಿಗೆ ಮುರಿಯಲು ಬೇಕಾದ ಟ್ಯಾನ್ ಸಂಖ್ಯೆ ಪಡೆದು, ಬಾಡಿಗೆಯಲ್ಲಿ ಸೆಸ್ ಸೇರಿ ಶೇ 31.2ರಷ್ಟನ್ನು ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ತಿಂಗಳಿಗೆ 50,000 ರೂಪಾಯಿ ದಾಟಿದರೆ ಮಾತ್ರ ಎಂಬ ವಿನಾಯಿತಿ ದೇಶದಲ್ಲೇ ಇರುವ ಮಾಲೀಕರದು. ಅನಿವಾಸಿಗಳಿಗೆಂದೇ ಜಾಹೀರಾತು ಕೊಡುವ ಕಂಪನಿ ಇದನ್ನು ನನಗೂ ಹೇಳಲಿಲ್ಲ, ಬಾಡಿಗೆದಾರರಿಗೂ ತಿಳಿಸಲಿಲ್ಲ. (ನನಗೇ ಗೊತ್ತಿರಬೇಕಿತ್ತು, ನಿಜ.) ಏಳನೆಯ ತಿಂಗಳಲ್ಲಿ ನನ್ನ ಆಡಿಟರ್ ಎಚ್ಚರಿಸಿದ ಮೇಲೆ ಬಾಡಿಗೆದಾರರು, ಪಾಪ, ಓಡಾಡಿ ಬಡ್ಡಿಸಮೇತ ಕಟ್ಟಿದರು, ಬಡ್ಡಿಯನ್ನು ನಾನು ಭರಿಸಿದೆ. ಹೀಗೆ ಮುರಿದ ಹಣದ ಬಹುಪಾಲು ರಿಟರ್ನ್ ಸಲ್ಲಿಸಿದಾಗ ವಾಪಸು ಬಂತಾದರೂ, ಅಲ್ಲಿಯವರೆಗೆ ಗೃಹಸಾಲದ ಕಂತಿಗೆ ಕೈಯಿಂದ ಹಾಕಬೇಕಾಯಿತು.

ಇನ್ನು ತಪಾಸಣೆ. ಮೂರು ತಿಂಗಳಿಗೊಮ್ಮೆ ಬರುವ ವರದಿಯಲ್ಲಿ ಹಾಲ್‌ನ ನಡುವೆ ನಿಂತು ತೆಗೆದ ಅವೇ ಆರು ಫೋಟೊಗಳು. ಕಳೆದ ವರ್ಷ ರಜೆಗೆ ಬಂದಾಗ ಮಲಗುವ ಕೋಣೆಯ ವಾರ್ಡ್ರೋಬ್ ತೆರೆದರೆ ಮುಗ್ಗಲು ವಾಸನೆ ಮುಖಕ್ಕೆ ರಾಚಿತು. ಹಿಂಬದಿಯ ಪ್ಲೈವುಡ್ ಚಹಾದಲ್ಲಿ ಅದ್ದಿದ ರಸ್ಕಿನಂತೆ ಬೆರಳಿಗೇ ಕುಸಿಯಿತು. ಪಕ್ಕದ ಬಚ್ಚಲಿನ ಪೈಪು ಗೋಡೆಯೊಳಗೇ ಜಿನುಗುತ್ತಿತ್ತು. ಬಾಡಿಗೆದಾರರು ಆ್ಯಪ್‌ನಲ್ಲಿ ಎರಡು ಬಾರಿ ದೂರು ಕೊಟ್ಟಿದ್ದರು. ಎರಡರ ಮುಂದೆಯೂ ‘ಪರಿಹರಿಸಲಾಗಿದೆ’ ಎಂದಿತ್ತು. ಪ್ಲಂಬರ್ ತೆಗೆದುಕೊಂಡದ್ದು 1,800 ರೂಪಾಯಿ, ಬಡಗಿ 42,000.

ಊರಲ್ಲಿ ಅಣ್ಣನೋ ಭಾವನೋ ಇರುವವರಿಗೆ ಈ ಸೇವೆ ಬೇಕಿಲ್ಲ. ನನಗೆ ಹಾಗೆ ಯಾರೂ ಇಲ್ಲದ ಕಾರಣ ಕರಾರು ಮುಂದುವರಿಸಿದ್ದೇನೆ. ಆದರೆ ಸಿಂಕಿನ ಕೆಳಭಾಗ, ಬಚ್ಚಲಿನ ಮೂಲೆ ಮತ್ತು ವಾರ್ಡ್ರೋಬಿನ ಒಳಬದಿಯ ವಿಡಿಯೊ ಕಳುಹಿಸದಿದ್ದರೆ ಆ ತಿಂಗಳ ಶುಲ್ಕವಿಲ್ಲ ಎಂಬ ಷರತ್ತು ಸೇರಿಸಿದೆ. ಮೊದಲ ವಿಡಿಯೊ ಹೋದ ವಾರ ಬಂದಿತು. ಈ ಸಲ ಹುಡುಗ ನೆಲಕ್ಕೆ ಕುಕ್ಕರಗಾಲಲ್ಲಿ ಕೂತು, ಸಿಂಕಿನ ಕೆಳಗೆ ಟಾರ್ಚ್ ಬಿಟ್ಟು ತೋರಿಸಿದ್ದಾನೆ.