ಲಿವರ್, ಓರೆ ಪಿನ್, ಸ್ಪ್ರಿಂಗೇ ಇಲ್ಲದ ಡಿಸ್ಕ್: ಮೂರು ಬೀಗ ಬಿಚ್ಚಿ ನೋಡಿದ್ದು

ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿದ ಬೀಗಗಳು ನನ್ನ ಹತ್ತಿರ ಒಂದು ಬಿಸ್ಕತ್ ಡಬ್ಬದ ತುಂಬ ಇವೆ. ಅವುಗಳಲ್ಲಿ ಪಕ್ಕಪಕ್ಕ ಇಟ್ಟು ಮಾತಾಡಲು ಲಾಯಕ್ಕಾದವು ಮೂರು. ಒಂದು, ನಮ್ಮ ಕಡೆ ಯಾವ ಗೇಟು ನೋಡಿದರೂ ಕಾಣುವ 7 ಲಿವರಿನ ಬೀಗ, ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊಂಡದ್ದು. ಎರಡನೆಯದು ಅಮೆರಿಕದ ಮೆಡೆಕೊ ಸಿಲಿಂಡರ್, ಅಂದರೆ ಬಾಗಿಲ ಬೀಗದಲ್ಲಿ ಕೀ ಹೋಗುವ ಉರುಟು ಭಾಗ ಮಾತ್ರ, ಅಲ್ಲಿರುವ ಅತ್ತೆ ಮಗ ಊರಿಗೆ ಬರುವಾಗ ತಂದುಕೊಟ್ಟ. ಮೂರನೆಯದು ಫಿನ್ಲೆಂಡಿನ ಅಬ್ಲಾಯ್, ಹಳೇ ಕ್ಲಾಸಿಕ್ ಮಾದರಿ. ಇದು ಸಿಕ್ಕಿದ್ದು ಭದ್ರಾವತಿಯ ಗುಜರಿ ಅಂಗಡಿಯಲ್ಲಿ, ಯಾವುದೋ ವಿದೇಶಿ ಯಂತ್ರದ ಪೆಟ್ಟಿಗೆಯ ಜೊತೆ, ಪುಣ್ಯಕ್ಕೆ ಕೀ ಸಮೇತ. ತೂಕಕ್ಕೆ ಹಾಕಿ ಕೊಟ್ಟರು.

ಕಳ್ಳನಿಗೆ ಯಾವುದು ಕಷ್ಟ ಅನ್ನುವುದು ನನ್ನ ಲೆಕ್ಕದಲ್ಲಿ ಕೊನೆಗೆ ಬರುತ್ತದೆ. ನಾನು ನೋಡಿದ್ದು ಎರಡೇ. ಬಿಚ್ಚಿ ಕೂತರೆ ಯಾವುದರಲ್ಲಿ ಜಾಸ್ತಿ ಖುಷಿ ಇದೆ, ಮತ್ತು ಮಲೆನಾಡಿನ ಮಳೆಗೆ ಯಾವುದು ಜಗ್ಗುವುದಿಲ್ಲ. ಎರಡಕ್ಕೂ ಉತ್ತರ ಒಂದೇ ಬೀಗ ಆಗುತ್ತದೆ ಅಂತ ಶುರು ಮಾಡುವಾಗ ಅಂದುಕೊಂಡಿರಲಿಲ್ಲ.

ಲಿವರ್ ಬೀಗದಿಂದ ಶುರು ಮಾಡೋಣ. ಇದಕ್ಕೆ ಸ್ಕ್ರೂ ಅನ್ನುವುದೇ ಇಲ್ಲ, ಎಲ್ಲಾ ರಿವೆಟ್. ವೈಸಿಗೆ ಕಚ್ಚಿಸಿ, ರಿವೆಟ್ಟಿನ ತಲೆಯನ್ನು ಅರದಿಂದ ಉಜ್ಜಿ ಉಜ್ಜಿ ತೆಗೆದು, ಆಮೇಲೆ ಮೇಲಿನ ತಗಡನ್ನು ಮೆಲ್ಲಗೆ ಎಬ್ಬಿಸಬೇಕು. ಬೇಜಾರಿನ ಕೆಲಸ, ಕೈಯೆಲ್ಲ ಹಿತ್ತಾಳೆ ಪುಡಿ. ಆದರೆ ತಗಡು ಎದ್ದ ಮೇಲೆ ಕಾಣುವುದು ಬಹಳ ಚಂದ. ಏಳು ತೆಳು ಹಿತ್ತಾಳೆ ಪಟ್ಟಿಗಳು (ಇವೇ ಲಿವರುಗಳು) ಒಂದರ ಮೇಲೊಂದು, ಒಂದೇ ಗೂಟಕ್ಕೆ ಪೋಣಿಸಿಕೊಂಡು ಕೂತಿರುತ್ತವೆ. ಪ್ರತಿಯೊಂದರ ಬೆನ್ನಿಗೂ ಅದರದೇ ಒಂದು ಸ್ಪ್ರಿಂಗ್, ಕೆಳಕ್ಕೆ ಒತ್ತಿ ಹಿಡಿಯಲಿಕ್ಕೆ. ಪಟ್ಟಿಯ ನಡುವೆ ಎರಡು ಕಿಟಕಿ, ಆ ಕಿಟಕಿಗಳ ಮಧ್ಯೆ ಒಂದು ಸಣ್ಣ ಓಣಿ. ಬೀಗದ ನಾಲಿಗೆಗೆ ಒಂದು ಮೊಳೆಯಂಥದ್ದು ಇರುತ್ತದೆ, ಅದು ಏಳೂ ಓಣಿಗಳನ್ನು ಒಟ್ಟಿಗೆ ದಾಟಿದರೆ ಮಾತ್ರ ನಾಲಿಗೆ ಹಿಂದೆ ಸರಿಯುತ್ತದೆ. ಒಂದು ಪಟ್ಟಿ ಸ್ವಲ್ಪ ಕಡಿಮೆ ಎದ್ದರೂ ತಡೆ, ಜಾಸ್ತಿ ಎದ್ದರೂ ತಡೆ.

ಈ 'ಜಾಸ್ತಿ ಎದ್ದರೂ ತಡೆ' ಅನ್ನುವ ಯೋಚನೆ 1778ರದ್ದು, ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ ಮಾಡಿದ್ದು. 1818ರಲ್ಲಿ ಜೆರೆಮಯ ಚಬ್ ಅದರ ಮೇಲೆ ಇನ್ನೊಂದು ಕಿತಾಪತಿ ಸೇರಿಸಿದ. ಯಾರಾದರೂ ಕಡ್ಡಿ ಹಾಕಿ ಲಿವರನ್ನು ಮಿತಿ ಮೀರಿ ಎತ್ತಿದರೆ ಅದು ಅಲ್ಲೇ ಸಿಕ್ಕಿಕೊಂಡುಬಿಡುತ್ತದೆ, ಯಜಮಾನ ಬಂದು ಕೀ ಹಾಕಿದಾಗ ತಿರುಗುವುದಿಲ್ಲ, ಯಾರೋ ಕೈ ಹಾಕಿದ್ದಾರೆ ಅಂತ ಗೊತ್ತಾಗುತ್ತದೆ. ನನ್ನ ಗಾಂಧಿ ಬಜಾರಿನ ಬೀಗದಲ್ಲಿ ಅದೆಲ್ಲ ಇಲ್ಲ ಬಿಡಿ. 1851ರ ಲಂಡನ್ನಿನ ದೊಡ್ಡ ವಸ್ತುಪ್ರದರ್ಶನದ ಹೊತ್ತಿಗೆ ಅಮೆರಿಕದ ಹಾಬ್ಸ್ ಅನ್ನುವವನು ಚಬ್ ಬೀಗವನ್ನು 25 ನಿಮಿಷದಲ್ಲಿ ತೆಗೆದು ತೋರಿಸಿದ. ಅದೇ ವರ್ಷ ಬ್ರಾಮಾ ಅನ್ನುವ ಇನ್ನೊಂದು ಇಂಗ್ಲಿಷ್ ಬೀಗಕ್ಕೆ ಅವನಿಗೇ 51 ಗಂಟೆ ಹಿಡಿಯಿತು, ಅದೂ 16 ದಿನಗಳಲ್ಲಿ ಬಿಡಿಬಿಡಿಯಾಗಿ.

ಲಿವರ್ ಬೀಗದ ದೊಡ್ಡ ಗುಣ ಅಂದರೆ ಮುಚ್ಚಳ ತೆಗೆದಿಟ್ಟೇ ಕೀ ಹಾಕಿ ತಿರುಗಿಸಬಹುದು. ಏಳು ಪಟ್ಟಿಗಳೂ ಬೇರೆ ಬೇರೆ ಎತ್ತರಕ್ಕೆ ಏಳುವುದು, ಓಣಿಗಳೆಲ್ಲ ಒಂದೇ ಸಾಲಿಗೆ ಬರುವುದು, ಮೊಳೆ ನುಗ್ಗುವುದು, ಎಲ್ಲಾ ಕಣ್ಣೆದುರೇ. ಬೀಗ ಹೇಗೆ ಕೆಲಸ ಮಾಡುತ್ತದೆ ಅಂತ ಮಕ್ಕಳು ಕೇಳಿದರೆ ಇದನ್ನು ಬಿಟ್ಟು ಬೇರೆ ತೋರಿಸಬೇಡಿ. ಎರಡು ಪಟ್ಟಿ ಅದಲುಬದಲು ಮಾಡಿ ಕೂರಿಸಿದರೆ ಅದೇ ಕೀ ಕೆಲಸ ಮಾಡುವುದಿಲ್ಲ, ಅದನ್ನೂ ತೋರಿಸಿ. ತಿರುಗಿ ಜೋಡಿಸುವಾಗ ರಿವೆಟ್ ಬದಲು ಸಣ್ಣ ನಟ್ಟು ಬೋಲ್ಟು ಹಾಕಿಕೊಂಡರೆ ಮುಂದಿನ ಸಲ ಅರದ ಕಾಟ ಇರುವುದಿಲ್ಲ.

ಇನ್ನು ಮೆಡೆಕೊ. 1968ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಹುಟ್ಟಿದ್ದು. ಸಾಮಾನ್ಯ ಪಿನ್ ಬೀಗ ನಿಮಗೆ ಗೊತ್ತಲ್ವಾ, ಬಾಗಿಲಿನ ಲಾಚ್‌ಗಳಲ್ಲಿ ಇರುತ್ತದಲ್ಲ, ಕೀಯ ಹಲ್ಲುಗಳು ಪಿನ್ನುಗಳನ್ನು ಸರಿಯಾದ ಎತ್ತರಕ್ಕೆ ಎತ್ತುತ್ತವೆ, ಸಿಲಿಂಡರ್ ತಿರುಗುತ್ತದೆ, ಅದು. ಇಲ್ಲಿ ಎತ್ತಿದರೆ ಸಾಲದು, ಪಿನ್ನು ತನ್ನ ಸುತ್ತ ತಾನೇ ಒಂದಿಷ್ಟು ತಿರುಗಲೂ ಬೇಕು. ಅದಕ್ಕೇ ಪಿನ್ನಿನ ತುದಿ ದುಂಡಗಿಲ್ಲ, ಉಳಿಯ ಬಾಯಿಯ ಹಾಗೆ ಚಪ್ಪಟೆ. ಕೀಯಲ್ಲಿ ಕೊರೆದ ಕಚ್ಚುಗಳು ನೇರ ಇಲ್ಲ, ಕೆಲವು ಎಡಕ್ಕೆ ಓರೆ, ಕೆಲವು ಬಲಕ್ಕೆ ಓರೆ, ಕೆಲವು ನೆಟ್ಟಗೆ.

ಈ ಕೀಯನ್ನು ಡೂಪ್ಲಿಕೇಟ್ ಕೀ ಮಾಡುವವರೊಬ್ಬರಿಗೆ ಸುಮ್ನೆ ತೋರಿಸಿದೆ. ಕನ್ನಡಕ ಮೇಲೆ ಮಾಡಿ ತಿರುಗಿಸಿ ತಿರುಗಿಸಿ ನೋಡಿದರು. "ಯಾರು ಸಾರ್ ಇದನ್ನ ಮಾಡಿದ್ದು? ಅರ ಓರೆ ಹಿಡ್ಕೊಂಡು ಕೊರೆದುಬಿಟ್ಟಿದ್ದಾರೆ. ಬಿಟ್ಟು ಹೋಗಿ, ನಾನು ನೆಟ್ಟಗೆ ಮಾಡಿಕೊಡ್ತೀನಿ." ಬೇಡ ಅಂತ ಇಸಕೊಂಡು ಬಂದೆ.

ಬಿಚ್ಚುವಾಗ ಮೆಡೆಕೊ ಹಟಮಾರಿ. ಹಿಂದಿನ ತುದಿಯ ಹಿಡಿತ ಬಿಚ್ಚಿ, ಕೀಯನ್ನು ಸ್ವಲ್ಪ ತಿರುಗಿಸಿಟ್ಟು, ಒಳಗಿನ ಉರುಳೆಯನ್ನು ಹೊರಗೆ ತಳ್ಳಬೇಕು. ತಳ್ಳುವಾಗ ಅದರ ಬೆನ್ನ ಹಿಂದೆಯೇ ಅಷ್ಟೇ ದಪ್ಪದ ಒಂದು ಕೋಲು ಒಳಗೆ ಹೋಗುತ್ತಿರಬೇಕು, ಇಲ್ಲದಿದ್ದರೆ ಮೇಲಿನ ಪಿನ್ನು, ಸ್ಪ್ರಿಂಗು ಎಲ್ಲ ಚಿಮ್ಮಿ ನೆಲಕ್ಕೆ ಬೀಳುತ್ತವೆ. ಪೇಟೆಯಲ್ಲಿ ಇದಕ್ಕೆ ಅಂತಲೇ ಕೋಲು ಸಿಗಲಿಲ್ಲ. ಅಡಿಕೆ ದಬ್ಬೆಯ ಒಂದು ಚೂರನ್ನು ಉಜ್ಜಿ ಕಾಗದದಲ್ಲಿ ಉರುಟು ಮಾಡಿಕೊಂಡೆ, ನಾರು ಎದ್ದರೂ ಕೆಲಸಕ್ಕೆ ಬಂತು. ನಮ್ಮ ಮನೆಯದು ರೆಡ್ ಆಕ್ಸೈಡ್ ನೆಲ, ಅದರ ಮೇಲೆ ಕೂದಲೆಳೆಯಂಥ ಸ್ಪ್ರಿಂಗ್ ಬಿದ್ದರೆ ದೇವರೇ ಗತಿ. ಆದ್ದರಿಂದ ದೊಡ್ಡ ಪ್ಲಾಸ್ಟಿಕ್ ಚೀಲದ ಒಳಗೆ ಕೈ ಹಾಕಿಕೊಂಡೇ ಈ ಕೆಲಸ ಮಾಡುವುದು ಒಳ್ಳೆಯದು.

ಹೊರಗೆ ಬಂದ ಪಿನ್ನೊಂದನ್ನು ಗಡಿಯಾರ ರಿಪೇರಿಯವರ ಭೂತಗನ್ನಡಿಯಲ್ಲಿ ನೋಡಿ. ಪಕ್ಕದಲ್ಲಿ ಉದ್ದಕ್ಕೆ ಒಂದು ಗೀರು. ಪೂರ್ತಿ ಸುತ್ತು ತಿರುಗದ ಹಾಗೆ ಮೇಲ್ಗಡೆ ಒಂದು ಪುಟ್ಟ ಗುಬುಟು. ಉರುಳೆಯ ಪಕ್ಕದಲ್ಲಿ ಸೈಡ್‌ಬಾರ್ ಅನ್ನುವ ಪಟ್ಟಿ ಇದೆ, ಅದಕ್ಕೆ ಸಾಲಾಗಿ ಕಾಲುಗಳು. ಪಿನ್ನುಗಳೆಲ್ಲ ಸರಿಯಾದ ಕೋನಕ್ಕೆ ತಿರುಗಿದಾಗ ಗೀರುಗಳು ಈ ಕಾಲುಗಳ ಎದುರಿಗೆ ಬರುತ್ತವೆ, ಕಾಲುಗಳು ಒಳಗೆ ಹೋಗುತ್ತವೆ, ಪಟ್ಟಿ ದಾರಿ ಬಿಡುತ್ತದೆ. ಎತ್ತರವೂ ಸರಿ ಇರಬೇಕು, ಕೋನವೂ ಸರಿ ಇರಬೇಕು, ಎರಡೂ ಒಂದೇ ಹೊತ್ತಿಗೆ. ಆರು ಪಿನ್ನು, ಒಂದೊಂದಕ್ಕೆ ಮೂರು ದಿಕ್ಕು ಅಂದರೆ ಬರೀ ಕೋನದ ಲೆಕ್ಕದಲ್ಲೇ 729 ಬಗೆ ಆಯಿತು, ಎತ್ತರದ ಲೆಕ್ಕ ಅದರ ಮೇಲೆ. ಬುದ್ಧಿವಂತಿಕೆಗೆ ಅಂತ ಬಹುಮಾನ ಕೊಡುವುದಾದರೆ ನಾನು ಇದಕ್ಕೇ ಕೊಡುತ್ತೇನೆ. ಆದರೆ ತಿರುಗಿ ಜೋಡಿಸುವುದಿದೆಯಲ್ಲ, ಅದು ತಪಸ್ಸು. ಸೈಡ್‌ಬಾರಿನ ಹಿಂದೆಯೂ ಸ್ಪ್ರಿಂಗ್ ಇದೆ, ಪಿನ್ನುಗಳ ಮೇಲೂ ಇದೆ, ಒಂದನ್ನು ಹಿಡಿದುಕೊಂಡರೆ ಇನ್ನೊಂದು ಏಳುತ್ತದೆ. ಖುಷಿಗೆ ಅಂತ ಶುರು ಮಾಡಿದ್ದು ಸಿಟ್ಟಿನಲ್ಲಿ ಮುಗಿಯುತ್ತದೆ.

ಅಬ್ಲಾಯ್ ಬೇರೆಯದೇ ಜಾತಿ. 1907ರಲ್ಲಿ ಎಮಿಲ್ ಹೆನ್ರಿಕ್ಸನ್ ಅನ್ನುವ ಫಿನ್ಲೆಂಡಿನ ಮೆಕ್ಯಾನಿಕ್ ಕಂಡುಹಿಡಿದದ್ದು. ಅವನ ಕಸುಬು ಸೂಕ್ಷ್ಮ ಯಂತ್ರಗಳ ರಿಪೇರಿ. ಅಂಗಡಿಯ ಕ್ಯಾಶ್ ರಿಜಿಸ್ಟರ್ ಒಳಗೆ ತಿರುಗುವ ಬಿಲ್ಲೆಗಳಿಂದಲೇ ಈ ಯೋಚನೆ ಹೊಳೆಯಿತು ಅನ್ನುತ್ತಾರೆ. ಕೀ ನೋಡಿದರೆ ಅರ್ಧ ಸೀಳಿದ ಕಡ್ಡಿ, ಅದರ ಅಂಚಿನಲ್ಲಿ ಬೇರೆ ಬೇರೆ ಓರೆಯಲ್ಲಿ ತಾಸಿದ ಗುರುತುಗಳು. ಒಂದೊಂದು ಮೆಟ್ಟಿಲಿಗೆ 18 ಡಿಗ್ರಿ ವ್ಯತ್ಯಾಸ.

ನನ್ನ ಬೀಗದಲ್ಲಿ ಕೊಂಡಿ ತೆರೆದಾಗ ಮಾತ್ರ ಕೈಗೆ ಸಿಗುವ ಒಂದು ಸ್ಕ್ರೂ ಇದೆ. ಅದನ್ನು ತೆಗೆದರೆ ಇಡೀ ತಿರುಳು ಅಂಗೈಗೆ ಜಾರಿತು. ಏನೂ ಚಿಮ್ಮಲಿಲ್ಲ! ಹಿತ್ತಾಳೆಯ ಬಿಲ್ಲೆಗಳು (ಡಿಸ್ಕ್ ಅನ್ನುವುದು ಇವಕ್ಕೇ), ನಡುನಡುವೆ ತೆಳ್ಳಗಿನ ವಾಷರ್, ಒಂದು ಉಕ್ಕಿನ ಸರಳು, ಇವನ್ನೆಲ್ಲ ಹಿಡಿದಿಡುವ ಒಂದು ಸೀಳು ಕೊಳವೆ. ಇಷ್ಟೇ. ಬೀಗ ಹಾಕುವ ತಿರುಳಿನಲ್ಲಿ ಸ್ಪ್ರಿಂಗ್ ಅನ್ನುವುದೇ ಇಲ್ಲ. (ಕೊಂಡಿಯನ್ನು ಮೇಲಕ್ಕೆ ತಳ್ಳುವ ಸ್ಪ್ರಿಂಗ್ ಬೇರೆ, ಅದು ಬೀಗದ ಗುಟ್ಟಿಗೆ ಸೇರಿದ್ದಲ್ಲ.) ಪ್ರತಿ ಬಿಲ್ಲೆಯ ನಡುವೆ ಕೀ ಹೋಗುವ ಕಂಡಿ, ಅಂಚಿನಲ್ಲಿ ಒಂದು ಕಚ್ಚು. ಕಚ್ಚು ಇರುವ ಜಾಗ ಒಂದೊಂದರಲ್ಲಿ ಒಂದೊಂದು ಕಡೆ. ಕೀ ಹಾಕಿ ತಿರುಗಿಸಿದರೆ ಕೆಲವು ಬಿಲ್ಲೆಗಳನ್ನು ಅದು ತಕ್ಷಣ ಹಿಡಿದು ತಿರುಗಿಸುತ್ತದೆ, ಕೆಲವನ್ನು ಸ್ವಲ್ಪ ದೂರ ಖಾಲಿ ಹೋಗಿ ಆಮೇಲೆ ಹಿಡಿಯುತ್ತದೆ, ಎಷ್ಟು ತಾಸಿದೆಯೋ ಅಷ್ಟು ತಡ. ಕಾಲು ಸುತ್ತು ಮುಗಿಯುವಾಗ ಕಚ್ಚುಗಳೆಲ್ಲ ಒಂದೇ ಸಾಲಿಗೆ ಬಂದಿರುತ್ತವೆ. ಆ ಸಾಲಿಗೆ ಉಕ್ಕಿನ ಸರಳು ಇಳಿಯುತ್ತದೆ, ಆಮೇಲೆ ಕೊಳವೆ ಪೂರ್ತಿ ತಿರುಗುತ್ತದೆ. ಕೀ ಹಿಂದಕ್ಕೆ ತಿರುಗಿಸಿದಾಗ ಅದೇ ಕೀ ಬಿಲ್ಲೆಗಳನ್ನು ಮೊದಲಿನ ಜಾಗಕ್ಕೆ ಎಳೆದುಕೊಂಡು ಬರುತ್ತದೆ.

ಆ ಕೊನೆಯ ಮಾತೇ ಮುಖ್ಯ. ಲಿವರ್ ಆಗಲಿ ಪಿನ್ ಆಗಲಿ, ಎತ್ತುವುದು ಕೀ, ವಾಪಸ್ ಕೂರಿಸುವುದು ಸ್ಪ್ರಿಂಗ್. ಸ್ಪ್ರಿಂಗ್ ಸತ್ತರೆ ಬೀಗ ಸತ್ತಿತು. ಅಬ್ಲಾಯ್‌ನಲ್ಲಿ ಹೋಗುವಾಗಲೂ ಬರುವಾಗಲೂ ಕೆಲಸ ಮಾಡುವುದು ನಿಮ್ಮ ಕೈಯ ಬಲ. ಮೈನಸ್ ಚಳಿಯ ದೇಶದಲ್ಲಿ ಇದು ಯಾಕೆ ಬೇರೂರಿತು ಅಂತ ಬಿಚ್ಚಿದ ಮೇಲೆ ಯಾರೂ ಹೇಳಿಕೊಡಬೇಕಾಗಿಲ್ಲ.

ಚಳಿ ನಮಗೆ ಅಷ್ಟಿಲ್ಲ, ಮಳೆ ಇದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ, ಚಿಕ್ಕಪ್ಪನ ತೋಟ ಇರುವ ತೀರ್ಥಹಳ್ಳಿ ಕಡೆ ಅಷ್ಟಲ್ಲದಿದ್ದರೂ ಆಷಾಢದಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ. ಹೋದ ಮಳೆಗಾಲಕ್ಕೆ ಮುಂಚೆ ಅಬ್ಲಾಯ್ ಅನ್ನೂ, ಬಿಚ್ಚದೆ ಇಟ್ಟಿದ್ದ ಇನ್ನೊಂದು 7 ಲಿವರ್ ಬೀಗವನ್ನೂ ಕೊಟ್ಟಿಗೆಯ ಹೊರಗಿನ ಬೇಲಿ ತಂತಿಗೆ ನೇತುಹಾಕಿ ಬಂದೆ. ಎಣ್ಣೆ ಇಲ್ಲ, ಮರೆ ಇಲ್ಲ. ಮೆಡೆಕೊ ಬರೀ ಸಿಲಿಂಡರ್ ಆದ್ದರಿಂದ ಅದನ್ನು ಜಗಲಿಯ ಅಂಚಿನಲ್ಲಿ ಇಟ್ಟೆ, ಅದಕ್ಕೆ ಎರಚಲು ಮಾತ್ರ ತಾಗಿದ್ದು, ಹಾಗಾಗಿ ಅದರ ಮಟ್ಟಿಗೆ ಇದು ಪೂರ್ತಿ ನ್ಯಾಯದ ಪರೀಕ್ಷೆ ಅಲ್ಲ.

ನವರಾತ್ರಿಗೆ ಹೋದಾಗ ಲಿವರ್ ಬೀಗಕ್ಕೆ ಕೀ ಹೋಯಿತು, ತಿರುಗಲಿಲ್ಲ. ಬಿಚ್ಚಿ ನೋಡಿದರೆ ಹಿತ್ತಾಳೆ ಪಟ್ಟಿಗಳಿಗೆ ಏನೂ ಆಗಿಲ್ಲ, ಹಸಿರು ಕಟ್ಟಿದೆ ಅಷ್ಟೆ. ಹೋಗಿರುವುದು ಸ್ಪ್ರಿಂಗುಗಳು. ಉಕ್ಕಿನ ತಂತಿ ತುಕ್ಕು ಹಿಡಿದು ಒಂದು ಮುರಿದೇ ಹೋಗಿತ್ತು, ಅದರ ಪಟ್ಟಿ ಮೇಲೆದ್ದು ಅಲ್ಲೇ ನಿಂತಿತ್ತು. ಮೆಡೆಕೊ ಕೀ ಸ್ವಲ್ಪ ಬಿಗಿಯಾಯಿತು, ಕೆಲಸ ಮಾಡಿತು. ಅಬ್ಲಾಯ್‌ನ ಮೈ ಮೇಲೆ ಪಾಚಿ ಬಂದಿತ್ತು. ಕೀ ಹಾಕಿದಾಗ ಮೊದಲು ಕರಕರ ಅಂದಿತು, ಹಿಂದೆ ಮುಂದೆ ಆಡಿಸಿದ ಮೇಲೆ ಕಟ್ ಅಂತ ಕೊಂಡಿ ಬಿಟ್ಟಿತು. ಒಳಗಿಂದ ಕೆಂಪು ನೀರು ಒಂದಿಷ್ಟು ಸುರಿಯಿತು.

ಇಷ್ಟಾದ ಮೇಲೆ ಪಂಪ್‌ಹೌಸಿಗೆ ಇದನ್ನೇ ಹಾಕಿ ಅಂತ ಚಿಕ್ಕಪ್ಪನಿಗೆ ಹೇಳಿದೆ. "ಕೀ ಎಷ್ಟಿದೆ?" ಅಂದರು. ಒಂದೇ. "ಕಳೆದರೆ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಯಾಕೆಂದರೆ ನಮ್ಮ ಊರಿನ ಕೀ ಕೊರೆಯುವ ಯಂತ್ರಗಳಿಗೆ ಈ ಅರ್ಧ ಉರುಟು ಕೀಯನ್ನು ಹಿಡಿಯಲೂ ಬರುವುದಿಲ್ಲ. "ಕೆಲಸದವರ ಹತ್ತಿರ ಒಂದು, ನನ್ನ ಹತ್ತಿರ ಒಂದು, ನಿಮ್ಮ ಚಿಕ್ಕಮ್ಮನ ಹತ್ತಿರ ಒಂದು ಬೇಕು ಮಾರಾಯ. ನಿನ್ನ ಫಿನ್ಲೆಂಡಿಗೆ ಯಾರು ಹೋಗ್ತಾರೆ?" ಅಂತ ಅವರು ಹೊಸದೊಂದು ಲಿವರ್ ಬೀಗ ತಂದು, ಹಳೇ ಸೈಕಲ್ ಟ್ಯೂಬು ಕತ್ತರಿಸಿ ಅದಕ್ಕೆ ಟೋಪಿ ಹಾಕಿದರು. ತೋಟಕ್ಕೆ ಅದೇ ಸರಿ, ನಾನೂ ಒಪ್ಪುತ್ತೇನೆ.

ಬಿಚ್ಚುವ ಹವ್ಯಾಸಕ್ಕೆ ಮಾತ್ರ ನನ್ನ ಮತ ಡಿಸ್ಕಿಗೇ. ಅಬ್ಲಾಯ್ ಸಿಗದಿದ್ದರೆ ಚಿಂತೆ ಇಲ್ಲ, ಸೈಕಲ್ ಅಂಗಡಿಯಲ್ಲಿ ಸಿಗುವ ಎಷ್ಟೋ ಚೈನ್ ಬೀಗಗಳ ಒಳಗೂ ಇದೇ ಬಿಲ್ಲೆಗಳಿರುತ್ತವೆ. ಅಳತೆ ಸಡಿಲ, ಬಿಲ್ಲೆಗಳೂ ಕಡಿಮೆ, ಆದರೆ ಕಲಿಯಲು ಸಾಕು. ಬಿಲ್ಲೆಗಳನ್ನು ತೆಗೆಯುವಾಗ ಒಂದು ತಂತಿಗೆ ಅದೇ ಸಾಲಿನಲ್ಲಿ ಪೋಣಿಸಿಡಿ, ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳಿ. ಕೊಬ್ಬರಿ ಎಣ್ಣೆ ಹಾಕಬೇಡಿ, ಕೆಲವು ತಿಂಗಳಲ್ಲಿ ಅಂಟಾಗುತ್ತದೆ. ಒಂದು ಸಲ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟರೆ ಆಯಿತು. ಮತ್ತೆ, ಮನೆಯ ಬಾಗಿಲಿಗೆ ಹಾಕಿರುವ ಬೀಗವನ್ನು ಮಾತ್ರ ಮುಟ್ಟಬೇಡಿ, ಬೈಗುಳ ಖಂಡಿತ.